ವೈಸಾಲೆ ಭಾವನಿಗೆ ಒಂದು ಗುಟುಕು ಗಾಳಿ

ಸಂಜೆ ಮನೆಗೆ ಮೊದಲು ಬರುತ್ತಿದ್ದದ್ದು ಡೀಸೆಲ್ ವಾಸನೆ, ಅದರ ಹಿಂದೆ ನೆತಾನಿ. ವಾಸನೆ ಬಟ್ಟೆಯದಲ್ಲ, ಉಸಿರಿನದು. ತಾನು ಕಟ್ಟಿಕೊಂಡದ್ದು ಮನುಷ್ಯನನ್ನೋ ಲಾರಿಯನ್ನೋ ಎಂದು ಹೆಂಡತಿ ಕೆಲೆರಾ ಅವನನ್ನು ಗೋಳುಹೊಯ್ದುಕೊಳ್ಳುತ್ತಿದ್ದಳು. ಅವನು ನಗುತ್ತಿದ್ದ. ನಕ್ಕರೆ ತಲೆ ಸಿಡಿಯುತ್ತಿತ್ತು. ಬೇಯಿಸಿದ ಮರಗೆಣಸು ಒಂದು ತುತ್ತು ಬಾಯಿಗಿಟ್ಟು, ಹಿತ್ತಲಿಗೆ ಓಡಿ ಕಕ್ಕುತ್ತಿದ್ದ.

ಫಿಜಿಯ ಆ ದ್ವೀಪದಲ್ಲಿ ಗಂಡಸರಿಗೆಲ್ಲ ಒಂದೇ ಕೆಲಸ. ಬೆನ್ನಿಗೆ ಗಾಳಿ ತುಂಬಿದ ಸಿಲಿಂಡರ್ ಬಿಗಿದುಕೊಂಡು ಹವಳದ ದಿಬ್ಬದಾಚೆ ಮುಳುಗಬೇಕು, ತಳದಲ್ಲಿ ಬಿದ್ದಿರುವ ಕಡಲಸೌತೆ ಹೆಕ್ಕಿ ತರಬೇಕು. ಸೌತೆಯಂತೆ ಕಾಣುವ ಆ ಮೆತ್ತನೆಯ ಪ್ರಾಣಿಯನ್ನು ದೋಣಿಯ ಯಜಮಾನ ವೈಸಾಲೆ ಒಣಗಿಸಿ ಚೀನಾದ ಔತಣಗಳಿಗೆ ಕಳಿಸುತ್ತಿದ್ದ. ಜೊತೆಗೆ ಕಡಲು ನೋಡಲು ಬರುವ ಬಿಳಿಯರಿಗೆ ಅತಿಥಿಗೃಹವನ್ನೂ ನಡೆಸುತ್ತಿದ್ದ.

ಅಲ್ಲಿ ಹಾಸಿಗೆಬಟ್ಟೆ ಒಗೆಯುವವಳು ಕೆಲೆರಾ. ಆದ್ದರಿಂದ ಗಾಳಿ ತುಂಬುವ ಎರಡೂ ಕಂಪ್ರೆಸರ್ ಅವಳಿಗೆ ಗೊತ್ತು. ಅತಿಥಿಗಳ ಸಿಲಿಂಡರ್‌ಗೆ ಗಾಳಿ ತುಂಬುವುದು ಮರಳದಂಡೆಯ ಶೆಡ್ಡಿನಲ್ಲಿ, ಹೊಸ ಯಂತ್ರ, ಸುತ್ತ ಹೂವಿನ ಗಿಡ. ಮುಳುಗುವ ಕೂಲಿಗಳದ್ದು ಹಿಂದುಗಡೆ, ಜನರೇಟರ್ ಪಕ್ಕ. ಜನರೇಟರ್ ಹೊಗೆ ಬಿಡುವ ಕಡೆಗೇ ಕಂಪ್ರೆಸರ್ ಬಾಯಿ ತೆರೆದುಕೊಂಡಿತ್ತು. ಒಂದು ಉಗುಳುತ್ತಿತ್ತು, ಇನ್ನೊಂದು ನುಂಗುತ್ತಿತ್ತು.

ಯಾರಾದರೂ ತಲೆನೋವು ಎಂದರೆ ವೈಸಾಲೆ ಕಣ್ಣು ಮಿಟುಕಿಸುತ್ತಿದ್ದ.

"ನಿನ್ನೆ ಎಷ್ಟು ಚಿಪ್ಪು ಯಂಗೋನ ಇಳಿಸಿದ್ರೋ?"

ಸಂಜೆಯಾದರೆ ಊರೆಲ್ಲ ಕೂತು, ಬೇರು ಹಿಂಡಿದ ಅಮಲಿನ ಯಂಗೋನ ನೀರನ್ನು ತೆಂಗಿನ ಚಿಪ್ಪಿನಲ್ಲಿ ಕುಡಿಯುವುದು ನಿಜವೇ. ಹಾಗಾಗಿ ಗಂಡಸರು ತಲೆ ಕೆರೆದುಕೊಂಡು ಸುಮ್ಮನಾಗುತ್ತಿದ್ದರು. ಇರಬಹುದು, ಬೇರು ಈ ವರ್ಷ ಗಡುಸಾಗಿರಬೇಕು ಎಂದು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತಿದ್ದರು.

ಹೋದ ವಾರ ನೆತಾನಿ ನೀರಿನಡಿಯಲ್ಲೇ ಎಚ್ಚರ ತಪ್ಪಿದ. ಜೊತೆಗಾರ ಕೂದಲು ಹಿಡಿದು ಮೇಲೆಳೆದ. ಈಗ ವೈಸಾಲೆ ಸೋಮವಾರದಿಂದ ಇನ್ನೂ ಆಳದ ದಿಬ್ಬಕ್ಕೆ ಎನ್ನುತ್ತಿದ್ದ. ಅಲ್ಲಿ ಎಚ್ಚರ ತಪ್ಪಿದರೆ ಎಳೆಯಲು ಕೈ ಸಿಗುವುದಿಲ್ಲ.

ಶನಿವಾರ ಮಧ್ಯಾಹ್ನ ವೈಸಾಲೆ ಯಂಗೋನ ಬೇರಿನ ಕಟ್ಟು ಹೊತ್ತು ಊರ ಚಾವಡಿಗೆ ಬಂದ. ಊರ ಹಿರಿಯ ಜೋಪೆ ಆ ಕಟ್ಟನ್ನು ಮುಟ್ಟಿದರೆ ಊರೇ ಮಾತು ಕೊಟ್ಟ ಹಾಗೆ. ಆಮೇಲೆ ನೆತಾನಿ ಮುಳುಗಲೇಬೇಕು.

ಜೋಪೆ ಕೈ ಚಾಚುವಷ್ಟರಲ್ಲಿ ಕೆಲೆರಾ ಎದ್ದಳು.

"ತಡೀರಿ ಮಾವ. ಬರಿಬಾಯಲ್ಲಿ ಕೂತಿದ್ದಾರಲ್ಲ ನಮ್ಮ ಭಾವ. ಮೊದಲು ನಮ್ಮ ಮನೆ ಉಪಚಾರ ಆಗ್ಲಿ."

ವೈಸಾಲೆಯ ಊರಿಗೂ ಈ ಊರಿಗೂ ಅಜ್ಜಂದಿರ ಕಾಲದಿಂದ ಭಾವಮೈದುನರ ನಂಟು. ಒಬ್ಬರು ಇನ್ನೊಬ್ಬರನ್ನು ಎಷ್ಟೇ ಕಿಚಾಯಿಸಿದರೂ, ಮನೆಯಿಂದ ಏನನ್ನೇ ಹೊತ್ತೊಯ್ದರೂ ಸಿಟ್ಟಾಗುವಂತಿಲ್ಲ. ಸಿಟ್ಟಾದವನು ಎರಡೂ ಊರಿನಲ್ಲಿ ತಲೆ ಎತ್ತುವಂತಿಲ್ಲ.

"ಏನು ಕೊಡ್ತೀಯೇ ನಾದಿನಿ? ನಿನ್ನ ಕೈಯಲ್ಲಿ ವಿಷ ಕೊಟ್ಟರೂ ಕುಡೀತೀನಿ" ಎಂದ ವೈಸಾಲೆ.

ಕೆಲೆರಾ ತಾನು ಮೊದಲೇ ಮೂಲೆಯಲ್ಲಿ ತಂದಿಟ್ಟಿದ್ದ ನೆತಾನಿಯ ಸಿಲಿಂಡರ್ ಉರುಳಿಸಿ ತಂದು ಚಾಪೆಯ ಮೇಲೆ, ಯಂಗೋನದ ಮರಿಗೆ ಇಡುವ ಜಾಗದಲ್ಲೇ ನಿಲ್ಲಿಸಿದಳು. ಮಂಡಿಯೂರಿ, ತುಂಬಿದ ಚಿಪ್ಪು ಕೊಡುವ ಗಾಂಭೀರ್ಯದಲ್ಲಿ ಉಸಿರುಕೊಳವೆಯನ್ನು ಎರಡೂ ಕೈಯಲ್ಲಿ ನೀಡಿದಳು. ಹೆಂಗಸರ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

"ಕುಡಿಯೋ ಮೊದಲು ಒಂದು ಚಪ್ಪಾಳೆ ಹೊಡಿ ಭಾವ. ಕ್ರಮ ತಪ್ಪಬಾರದು."

ವೈಸಾಲೆ ನಗುತ್ತ ಟೊಳ್ಳು ಚಪ್ಪಾಳೆ ಹೊಡೆದು ಕೊಳವೆ ಕಚ್ಚಿದ. ಒಂದು ಸಲ ಎಳೆದ. ಎರಡನೆಯ ಸಲ ಕಣ್ಣು ಮೇಲೆ ಹೋಯಿತು. ಕೊಳವೆ ಉಗುಳಿ ಕೆಮ್ಮಿದ.

"ಥೂ! ಎಣ್ಣೆ ನಾತ!"

"ಚಿಪ್ಪು ಖಾಲಿ ಮಾಡು ಭಾವ, ಅರ್ಧಕ್ಕೆ ಬಿಡೋದು ಅವಮಾನ" ಎಂದು ಮುದುಕಿಯೊಬ್ಬಳು ಕೂಗಿದಳು.

"ಆಗಲ್ಲ ಕಣೇ, ತಲೆ ಗಿಂವ್ ಅಂತಿದೆ."

ಕೆಲೆರಾ ಗಲ್ಲದ ಮೇಲೆ ಬೆರಳಿಟ್ಟಳು. "ಅಯ್ಯೋ ಪಾಪ! ನಿನ್ನೆ ಎಷ್ಟು ಚಿಪ್ಪು ಯಂಗೋನ ಇಳಿಸಿದ್ದೆ ಭಾವ?"

ಚಾವಡಿ ಬಿರಿಯುವಂತೆ ನಕ್ಕಿತು. ನೆತಾನಿಯೂ ತಲೆ ಹಿಡಿದುಕೊಂಡು ನಕ್ಕ. ವೈಸಾಲೆಯೂ ನಗಬೇಕಾಯಿತು. ಕಣ್ಣೊರೆಸಿಕೊಂಡು ಹೇಳಿದ:

"ಗೆದ್ದೆ ಮಾರಾಯ್ತಿ. ಆ ಯಂತ್ರ ಬೇರೆ ಕಡೆ ಇಡಿಸ್ತೀನಿ. ಈ ಸುಗ್ಗಿ ಒಂದು ಕಳೀಲಿ. ಸೋಮವಾರ ಮಾತ್ರ ಹುಡುಗರನ್ನ ಕಳಿಸಿ."

"ಕಳಿಸ್ತೀವಿ. ಸೋಮವಾರ ಹೊಸ ಯಂತ್ರದ ಗಾಳಿ ನಮ್ಮೋರಿಗೆ ತುಂಬು. ನಮ್ಮ ಸಿಲಿಂಡರ್ ನಿನ್ನ ಅತಿಥಿಗಳಿಗೆ ಕೊಡು. ಒಂದೇ ದಿನ."

"ತಲೆ ಕೆಟ್ಟಿದೆಯೇನೇ ನಿಂಗೆ? ಅವರಲ್ಲಿ ಒಬ್ಬ ಸತ್ತರೆ ನಾನು ಜೈಲಿಗೆ..."

ಅಲ್ಲಿಗೆ ಅವನೇ ನಿಲ್ಲಿಸಿದ.

ಹಿಂದಿನ ಸಾಲಿನಲ್ಲಿ ಮಗುವಿಗೆ ಹಾಲೂಡುತ್ತಿದ್ದವಳು ತಲೆ ಎತ್ತಿ ನೋಡಿದಳು.

ಜೋಪೆ ಬೇರಿನ ಕಟ್ಟನ್ನು ಮುಟ್ಟಲಿಲ್ಲ. ತನ್ನ ಕೈಯನ್ನು ತೊಡೆಯ ಮೇಲಿಟ್ಟುಕೊಂಡ.

ನೆತಾನಿ ಗೋಡೆ ಹಿಡಿದು ಎದ್ದ. ಇನ್ನೂ ಸ್ವಲ್ಪ ತೂರಾಡುತ್ತಿದ್ದ.

"ಭಾವನ ಮನೆಯ ಆ ಹೊಸ ಕಂಪ್ರೆಸರ್ ಹೊತ್ತು ತರೋಕೆ ಎಷ್ಟು ಜನ ಬೇಕು?" ಎಂದು ಪಕ್ಕದವನನ್ನು ಕೇಳಿದ.

"ನಾಲ್ಕು ಜನ ಸಾಕು. ದೋಣಿಗೆ ಹಾಕೋಕೆ ಇನ್ನೊಬ್ಬ ಇರ್ಲಿ."

ವೈಸಾಲೆ ಗಟ್ಟಿಯಾಗಿ ನಕ್ಕ. ಒಬ್ಬನೇ ನಕ್ಕ. ಗಂಡಸರು ಬಾಗಿಲಾಚೆ ಬಿಟ್ಟಿದ್ದ ಚಪ್ಪಲಿಗಳನ್ನು ಹುಡುಕಿ ಮೆಟ್ಟಿಕೊಳ್ಳುತ್ತಿದ್ದರು.

"ತಮಾಷೆ ತಾನೆ?" ಎಂದು ಅವನು ಕೆಲೆರಾಳನ್ನು ಕೇಳಿದ. "ಏ ನಾದಿನಿ, ತಮಾಷೆ ತಾನೆ?"

ಅವಳು ಉಡುಪಿನ ಅಂಚು ಮೇಲೆತ್ತಿ ಸಿಕ್ಕಿಸಿಕೊಂಡು, ಐದನೆಯವಳಾಗಿ ಅವರ ಹಿಂದೆ ಹೊರಟಳು.