ಪ್ಯಾನೆಲ್‌ಗೆ ಬಿಸಿಲು, ಫೋನಿಗೆ ನೆರಳು

ಫೋನಿನ ಚಾರ್ಜ್ ಮುಗಿದರೆ ನೀವೇನು ಮಾಡುತ್ತೀರಿ? ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿ ನಿಮ್ಮ ಪಾಡಿಗೆ ಕೆಲಸ ನೋಡಿಕೊಳ್ಳುತ್ತೀರಿ. ಗೋಡೆಯೇ ಇಲ್ಲದ ಕಡೆ ಇದ್ದರೆ?

ನಾನು ಹೇಳಹೊರಟಿರುವುದು ಉಪ್ಪಿನ ಗದ್ದೆಯಲ್ಲಿ ದುಡಿಯುವ ಒಬ್ಬ ಗಂಡ, ಒಬ್ಬಳು ಹೆಂಡತಿಯ ವಿಷಯ. ಕಣ್ಣು ಹಾಯಿಸಿದಷ್ಟು ದೂರ ಬಿಳಿ ಪಾತಿಗಳು, ನಡುವೆ ಮಣ್ಣಿನ ಬದು, ಒಂದು ಗುಡಿಸಲು, ಉಪ್ಪುನೀರು ಎತ್ತುವ ಒಂದು ಡೀಸೆಲ್ ಪಂಪು. ಬೇಸಗೆ ಮುಗಿಯುವ ತನಕ ಇಬ್ಬರ ವಾಸ ಅಲ್ಲೇ. ಕರೆಂಟು ಬೇಕೆಂದರೆ ರಸ್ತೆ ಬದಿಯ ಚಹಾ ಅಂಗಡಿಗೇ ಹೋಗಬೇಕು. ಒಂದು ಗಂಟೆಯ ನಡಿಗೆ.

ಗಂಡನಿಗೆ ಜನ ಇಟ್ಟ ಹೆಸರು ರೇಡಿಯೋ. ಅವನ ಕಿವಿಗೆ ಬಿದ್ದ ಮಾತು ಸಂಜೆಯೊಳಗೆ ನಾಲ್ಕು ಗದ್ದೆ ದಾಟಿರುತ್ತಿತ್ತು. ಇಬ್ಬರಿಗೂ ಸೇರಿ ಇದ್ದದ್ದು ಒಂದೇ ಫೋನು. ದಿನ ಬಿಟ್ಟು ದಿನ ಅವನು ಒಗೆದ ಅಂಗಿ ತೊಟ್ಟು, ಫೋನನ್ನು ಜೇಬಿಗೆ ಇಳಿಸಿ, "ಚಾರ್ಜಿಗೆ ಹಾಕಿ ಬರ್ತೀನಿ" ಎಂದು ಹೊರಡುತ್ತಿದ್ದ. ಬರುತ್ತಿದ್ದುದು ಹೊತ್ತು ಇಳಿದ ಮೇಲೆ.

ಅಂಥದೇ ಒಂದು ದಿನ ಹೆಂಡತಿ ಪಾತಿಯಲ್ಲಿ ಉಪ್ಪು ಎಳೆಯುತ್ತಿದ್ದಾಗ ಕೆಸರಿನಲ್ಲಿದ್ದ ಗಾಜಿನ ಚೂರು ಹಿಮ್ಮಡಿಗೆ ಹೊಕ್ಕಿತು. ಗಾಯಕ್ಕೆ ಉಪ್ಪುನೀರು ತಾಗಿದರೆ ಹೇಗಿರುತ್ತದೆಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ. ಕುಂಟುತ್ತಾ ಬಂದು ಕುಡಿಯುವ ನೀರಿನಲ್ಲಿ ತೊಳೆದು, ಬಟ್ಟೆ ಬಿಗಿದು ಕೂತಳು. ಯಾರನ್ನಾದರೂ ಕರೆಯೋಣವೆಂದರೆ ಫೋನು ಚಹಾ ಅಂಗಡಿಯ ಕಪಾಟಿನ ಮೇಲೆ ಹಾಯಾಗಿ ಮಲಗಿತ್ತು.

ಸಂಜೆ ರೇಡಿಯೋ ನಗುನಗುತ್ತಾ ಬಂದ. ಬಟ್ಟೆಯಲ್ಲಿದ್ದ ರಕ್ತ ನೋಡಿ ನಗು ಅಲ್ಲೇ ನಿಂತಿತು.

"ಫೋನು ತುಂಬಿತಾ?" ಎಂದು ಕೇಳಿದಳು ಹೆಂಡತಿ.

"ತುಂಬಿತು."

"ಒಳ್ಳೇದಾಯ್ತು ಬಿಡಿ."

ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು ಎಂದು ಅವನಿಗೇ ಅನಿಸಿತು. ಮರುದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಇಂಜೆಕ್ಷನ್ ಹಾಕಿಸಿದ. ಗಾಯವೇನೋ ಮಾಯಿತು. ಆದರೆ ಅವನು ಒಗೆದ ಅಂಗಿ ತೊಟ್ಟಾಗಲೆಲ್ಲ ಅವಳ ಕಣ್ಣು ಅವನ ಜೇಬಿನ ಕಡೆಗೆ ಹೋಗುವುದು ನಿಲ್ಲಲಿಲ್ಲ.

ಒಂದು ದಿನ ಪಂಪು ಕೆಟ್ಟಿತು. ರಿಪೇರಿಗೆ ಬಂದವಳು ಪಂಪಕ್ಕ. ಸುತ್ತಲಿನ ಗದ್ದೆಗಳ ಪಂಪುಗಳಿಗೆಲ್ಲ ಅವಳೇ ಡಾಕ್ಟರು. ಬಂದವಳು ಮೊಪೆಡ್ ನಿಲ್ಲಿಸಿ, ಪುಸ್ತಕದ ಹಾಗೆ ಮಡಚಿದ್ದ ಒಂದು ಕಪ್ಪು ಚೀಲ ಬಿಚ್ಚಿ ಸೀಟಿನ ಮೇಲೆ ಹರಡಿದಳು. ಅದರ ವೈರನ್ನು ಟೂಲ್ಸ್ ಚೀಲದೊಳಗೆ ಇಳಿಬಿಟ್ಟಳು.

"ಇದೇನು, ಹಪ್ಪಳ ಒಣಗಿಸ್ತಿದ್ದೀಯಾ?" ಎಂದ ರೇಡಿಯೋ.

"ಸೋಲಾರ್ ಚಾರ್ಜರ್ ಅಣ್ಣ. ನನ್ನ ಫೋನು ಊಟ ಮಾಡ್ತಿದೆ. ದಿನವೆಲ್ಲ ಗದ್ದೆ ಗದ್ದೆ ಸುತ್ತೋಳು ನಾನು, ಪ್ಲಗ್ಗು ಹುಡುಕ್ಕೊಂಡು ಎಲ್ಲಿ ಹೋಗ್ಲಿ?"

ಹೆಂಡತಿ ಕೈಯಲ್ಲಿದ್ದ ಬುಟ್ಟಿ ಕೆಳಗಿಟ್ಟು ಹತ್ತಿರ ಬಂದಳು. ಅವಳು ಬಾಯಿ ತೆರೆಯುವ ಮೊದಲೇ ರೇಡಿಯೋ ಶುರು ಮಾಡಿದ. "ನಮಗೆ ಆಗಿಬರಲ್ಲಮ್ಮ. ಇಲ್ಲಿಯ ಬಿಸಿಲಿಗೆ ಫೋನು ಸಿಡಿದುಹೋಗುತ್ತೆ. ಮೋಡ ಬಂದರೆ ಅದೂ ಇಲ್ಲ. ಚಹಾ ಅಂಗಡಿಯವನು ಪಾಪ, ಚೆನ್ನಾಗೇ ಚಾರ್ಜ್ ಮಾಡಿಕೊಡ್ತಾನೆ."

"ಚಹಾನೂ ಚೆನ್ನಾಗೇ ಮಾಡ್ತಾನೆ" ಎಂದಳು ಹೆಂಡತಿ.

ಪಂಪಕ್ಕ ಇಬ್ಬರ ಮುಖವನ್ನೂ ನೋಡಿದಳು. "ಪಂಪಿಗೆ ಹೊಸ ವಾಷರ್ ತರಬೇಕು, ನಾಲ್ಕು ದಿನ ಬಿಟ್ಟು ಬರ್ತೀನಿ. ಅಲ್ಲಿ ತನಕ ಇದನ್ನ ಇಟ್ಕೊಂಡು ನೋಡಿ ಅತ್ತಿಗೆ. ಮನೇಲಿ ನನಗೆ ಪ್ಲಗ್ಗಿದೆ" ಎಂದು ಚಾರ್ಜರನ್ನು ಬಿಟ್ಟು ಹೋದಳು.

ಮರುದಿನ ಬೆಳಿಗ್ಗೆ ರೇಡಿಯೋ ತಾನೇ ಮುಂದೆ ಬಂದ. "ಬಿಸಿಲಿನ ವಿಷಯ ನನಗೆ ಹೇಳಿಕೊಡ್ತೀಯಾ? ಹುಟ್ಟಿದಾಗಿಂದ ಬಿಸಿಲಲ್ಲೇ ಉಪ್ಪು ತೆಗೆದವನು ನಾನು. ಕಾದಷ್ಟೂ ಬೇಗ ಆಗುತ್ತೆ." ಹೀಗೆಂದು ಡೀಸೆಲ್ ಡ್ರಮ್ಮಿನ ತಗಡಿನ ಮುಚ್ಚಳ ತಂದ. ಅದರ ಮೇಲೆ ಚಾರ್ಜರಿನ ಪ್ಯಾನೆಲನ್ನು ಅಂಗಾತ ಮಲಗಿಸಿದ. ಫೋನೂ ಚೆನ್ನಾಗಿ ಕಾಯಲಿ ಎಂದು ಪಕ್ಕದಲ್ಲೇ ಇಟ್ಟ.

ಮಧ್ಯಾಹ್ನದ ಹೊತ್ತಿಗೆ ಫೋನು ಕೈಯಲ್ಲಿ ಹಿಡಿಯಲಾರದಷ್ಟು ಬಿಸಿಯಾಗಿತ್ತು. ಪರದೆ ಕಪ್ಪಾಗಿತ್ತು.

"ನೋಡಿದ್ಯಾ? ನಾನು ಹೇಳಿರಲಿಲ್ವಾ?" ಎಂದ ರೇಡಿಯೋ. ಫೋನು ಸತ್ತವನ ದುಃಖ ಅವನ ಮುಖದಲ್ಲಿ ಒಂದು ಚೂರೂ ಇರಲಿಲ್ಲ. ಒಳಗೆ ಹೋದವನು ಅಂಗಿ ತೊಟ್ಟೇ ಬಂದ.

"ಈ ಅಂಗಿ ನಿನ್ನೆ ಸಂಜೆಯೇ ಒಗೆದು ಒಣಗಿಸಿದ್ರಲ್ಲಾ?" ಎಂದಳು ಹೆಂಡತಿ.

ಅವನು ಫೋನಿಗೆ ಕೈಚಾಚಿದ. ಅವಳು ಅದನ್ನು ಸೆರಗಿನಲ್ಲಿ ಸುತ್ತಿಕೊಂಡಳು. "ನೀವು ಹೋಗಿ ಬನ್ನಿ. ಇದು ಇಲ್ಲೇ ಇರಲಿ. ಸತ್ತಿದ್ರೂ ಪರವಾಗಿಲ್ಲ, ನನ್ನ ಹತ್ರ ಇರಲಿ."

ರೇಡಿಯೋ ಬದುವಿನ ಮೇಲೆ ಎರಡು ಸಲ ಹಿಂದೆ ತಿರುಗಿ ನೋಡುತ್ತಾ ಹೋದ.

ಅವಳು ಫೋನನ್ನು ನೆರಳಿನಲ್ಲಿಟ್ಟಳು. ತಣ್ಣಗಾದ ಮೇಲೆ ಗುಂಡಿ ಒತ್ತಿದರೆ, ಅಗೋ, ಎದ್ದು ಕೂತಿತು! ತಡಮಾಡದೆ ಪಂಪಕ್ಕನಿಗೆ ಫೋನು ಹಚ್ಚಿ, ಅದು ಕಾದು ಆರಿಹೋಗಿದ್ದನ್ನು ಹೇಳಿದಳು.

"ಫೋನು ಎಲ್ಲಿಟ್ಟಿದ್ರಿ ಅತ್ತಿಗೆ?"

"ಪ್ಯಾನೆಲ್ ಪಕ್ಕ. ಕಾದ ತಗಡಿನ ಮೇಲೆ."

ಆ ಕಡೆಯಿಂದ ಜೋರು ನಗು. "ಅಯ್ಯೋ, ಅಣ್ಣ ಉಪ್ಪು ಬೇಯಿಸಿದ ಹಾಗೆ ಫೋನು ಬೇಯಿಸಿದ್ರಾ! ಇದಕ್ಕೆ ಬೇಕಾಗಿರೋದು ಬಿಸಿಲಿನ ಬೆಳಕು ಅತ್ತಿಗೆ, ಕಾವಲ್ಲ. ಪ್ಯಾನೆಲ್ ಕಾದಷ್ಟೂ ಕೆಲಸ ಕಡಿಮೆ. ಅದನ್ನ ಏನಕ್ಕಾದ್ರೂ ಒರಗಿಸಿ, ಸೂರ್ಯನಿಗೆ ಮುಖ ಕೊಟ್ಟು ನಿಲ್ಲಿಸಿ. ಹಿಂದೆ ಗಾಳಿ ಆಡಲಿ. ಹೊತ್ತು ಸರಿದ ಹಾಗೆ ನೀವೂ ತಿರುಗಿಸ್ತಾ ಇರಿ. ಫೋನು ಮಾತ್ರ ನೆರಳಲ್ಲೇ ಇರಬೇಕು. ವೈರು ಉದ್ದ ಇರೋದೇ ಅದಕ್ಕೆ."

"ಪ್ಯಾನೆಲ್ ಮೇಲೆ ಬೆಳ್ಳಗೆ ಏನೋ ಕೂತಿದೆ."

"ಉಪ್ಪು, ಮತ್ತೇನು! ಸಿಹಿನೀರಲ್ಲಿ ಬಟ್ಟೆ ಹಿಂಡಿ ಮೆಲ್ಲಗೆ ಒರೆಸಿ, ವೈರು ಕಿತ್ತಿಟ್ಟು. ವೈರಿನ ತುದಿಗೆ ನೀರು ತಾಗಬಾರದು. ಹಗ್ಗದ ನೆರಳು ಕೂಡ ಪ್ಯಾನೆಲ್ ಮೇಲೆ ಬೀಳದ ಹಾಗೆ ನೋಡ್ಕೊಳ್ಳಿ."

"ಮೋಡ ಬಂದರೆ?"

"ನಿಧಾನ ಆಗುತ್ತೆ, ಸುಳ್ಳು ಹೇಳಲ್ಲ. ಅದಕ್ಕೇ ನಾನೊಂದು ಪವರ್ ಬ್ಯಾಂಕ್ ಇಟ್ಟಿರ್ತೀನಿ. ಬಿಸಿಲಿದ್ದ ದಿನ ತುಂಬಿಸ್ಕೊಂಡ್ರೆ ಇಲ್ಲದ ದಿನಕ್ಕೆ ಆಯ್ತು. ಅದನ್ನೂ ಬಿಸಿಲಲ್ಲಿ ಇಡಬಾರದು ಮತ್ತೆ!"

ಅವಳು ಪ್ಯಾನೆಲನ್ನು ಒರೆಸಿ, ಬೋರಲು ಹಾಕಿದ ಬುಟ್ಟಿಗೆ ಒರಗಿಸಿದಳು. ಗುಡಿಸಲಿನ ನೆರಳಿನಲ್ಲಿ ಒಣಗಿದ್ದ ಖಾಲಿ ಮಡಕೆಯೊಳಗೆ ಫೋನನ್ನು ಮಲಗಿಸಿದಳು. ಒಂದೊಂದು ಪಾತಿ ಎಳೆದು ಬಂದಾಗಲೂ ಪ್ಯಾನೆಲನ್ನು ಸೂರ್ಯನ ಕಡೆಗೆ ಅಷ್ಟಷ್ಟೇ ತಿರುಗಿಸಿದಳು, ಮಗುವಿನ ಮುಖ ತಿರುಗಿಸಿದ ಹಾಗೆ. ಹೊತ್ತು ಇಳಿಯುವಷ್ಟರಲ್ಲಿ ಫೋನು ಮುಕ್ಕಾಲು ಪಾಲು ತುಂಬಿತ್ತು.

ಅತ್ತ ಚಹಾ ಅಂಗಡಿಯಲ್ಲಿ ರೇಡಿಯೋ ಬೆಂಚಿನ ತುದಿಯಲ್ಲಿ ಕೂತಿದ್ದ. ಯಾಕೋ ಅವತ್ತು ಬಾಯಿಯಿಂದ ಸುದ್ದಿಯೇ ಹೊರಡಲಿಲ್ಲ. ಆ ರಕ್ತದ ಬಟ್ಟೆ ಮತ್ತೆ ಮತ್ತೆ ಕಣ್ಣ ಮುಂದೆ ಬರುತ್ತಿತ್ತು. ಅಷ್ಟರಲ್ಲಿ ಅಂಗಡಿಯವನ ಫೋನು ಹೊಡೆದುಕೊಂಡಿತು.

"ರೇಡಿಯೋ, ನಿನಗೇ. ನಿಮ್ಮ ಮನೆಯವರು."

ಅವನು ಲೋಟವನ್ನು ಬೆಂಚಿನ ಮೇಲಿಟ್ಟು ಎದ್ದು ಬಂದ. "ಏನಾಯ್ತೇ? ಮತ್ತೆ ಕಾಲಿಗೇನಾದ್ರೂ...?"

"ಏನೂ ಆಗಿಲ್ಲ. ಫೋನು ಮುಕ್ಕಾಲು ತುಂಬಿದೆ ಅಂತ ಹೇಳೋಕೆ ಮಾಡಿದೆ."

ಅವನು ಅಂಗಡಿಯವನಿಗೆ ಬೆನ್ನು ಮಾಡಿ ನಿಂತ. ಆಮೇಲೆ ದನಿ ತಗ್ಗಿಸಿ ನಿಜ ಒಪ್ಪಿಕೊಂಡ. "ಹಾಗಾದ್ರೆ ಇನ್ನು ನಾನು ಇಲ್ಲಿಗೆ ಬರೋಕೆ ಏನಂತ ಹೇಳ್ಲಿ?"

"ಚಹಾ ಕುಡಿಯೋಕೆ ಹೋಗ್ತೀನಿ ಅನ್ನಿ. ನಾಲ್ಕು ಜನರ ಹತ್ರ ಮಾತಾಡಬೇಕು ಅನ್ನಿಸುತ್ತೆ ಅನ್ನಿ. ನಾನು ಯಾವತ್ತಾದ್ರೂ ಬೇಡ ಅಂದಿದ್ದೀನಾ? ಫೋನು ನನ್ನ ಹತ್ರ ಇರಲಿ ಅಂದೆ, ಅಷ್ಟೇ."

ಅಂಗಡಿಯವನು ಪಾತ್ರೆ ತಿಕ್ಕುವುದನ್ನು ನಿಲ್ಲಿಸಿ ಕಿವಿ ನಿಮಿರಿಸಿದ್ದ. "ಒಳ್ಳೆ ಸುದ್ದಿನಾ, ಕೆಟ್ಟ ಸುದ್ದಿನಾ?"

"ಒಳ್ಳೇದೇ" ಎಂದ ರೇಡಿಯೋ. "ಇನ್ನೊಂದು ಚಹಾ ಕೊಡು, ಹೇಳ್ತೀನಿ."

ಹೇಳಿದ ದಿನಕ್ಕೆ ಪಂಪಕ್ಕ ಬಂದು ಪಂಪು ಸರಿಮಾಡಿ, ತನ್ನ ಚಾರ್ಜರನ್ನು ವಾಪಸು ಒಯ್ದಳು. ಅದೇ ವಾರ ಇವರೂ ಒಂದು ಕೊಂಡರು. ಹೆಂಡತಿ ಪೇಟೆಯ ಚಾರ್ಜರ್ ಅಂಗಡಿಯವರನ್ನು ಬೀದಿಯ ಬಿಸಿಲಿಗೆ ಕರೆತಂದು, ತಮ್ಮ ಫೋನಿಗೇ ಸಿಕ್ಕಿಸಿ ನೋಡಿ, ಗ್ಯಾರಂಟಿ ಚೀಟಿ ಬರೆಸಿಕೊಂಡ ಮೇಲೆಯೇ ಕೊಂಡಿದ್ದು. ಈಗ ರೇಡಿಯೋ ಸುತ್ತಲಿನ ಗದ್ದೆಯವರಿಗೆಲ್ಲ ಪಾಠ ಹೇಳುತ್ತಾನೆ: "ಅದಕ್ಕೆ ಬೇಕಾಗಿರೋದು ಬೆಳಕಪ್ಪಾ, ಕಾವಲ್ಲ!" ತಗಡಿನ ಮುಚ್ಚಳದ ಕಥೆಯನ್ನು ಮಾತ್ರ ಹೇಳುವುದಿಲ್ಲ. ಅದನ್ನು ಅವನ ಹೆಂಡತಿ ಹೇಳುತ್ತಾಳೆ.

ಬಯಲಲ್ಲಿ, ಗುಡ್ಡದಲ್ಲಿ, ನೀರಿನ ಮೇಲೆ ದುಡಿಯುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಫೋನು ಚಾರ್ಜಿಗೆಂದು ದೂರ ಹೋದ ಹೊತ್ತಿನಲ್ಲಿ ಅಲ್ಲಿ ಒಂಟಿಯಾಗಿ ಉಳಿಯುವವರು ಯಾರು? ಒಂದು ಗಳಿಗೆ ಯೋಚನೆ ಮಾಡಿ. ತಲೆಯ ಮೇಲೆ ದಿನವಿಡೀ ಸುರಿಯುವ ಬೆಳಕಿಗೆ ಸ್ವಲ್ಪ ಕೆಲಸ ಕೊಡಿ. ಪ್ಯಾನೆಲನ್ನು ಒರೆಸಿ ಬಿಸಿಲಿಗೆ ತಿರುಗಿಸಿ, ಫೋನನ್ನು ನೆರಳಿನಲ್ಲಿಡಿ. ಆಮೇಲೆ ಮನಸ್ಸು ಬಂದರೆ ಚಹಾಕ್ಕೆ ಹೋಗಿ ಬನ್ನಿ. ಅದಕ್ಕೆ ಯಾವ ನೆಪವೂ ಬೇಡ.