ಕೇಳಿದಷ್ಟಕ್ಕೆ ಉತ್ತರ

"ನಿಮಗೆ ಹೇಗೆ ತೋಚುತ್ತೋ ಹಾಗೆ ಹೇಳಿ ಅಕ್ಕಾ. ನಾನು ಮಧ್ಯೆ ಬಾಯಿ ಹಾಕಲ್ಲ," ಎಂದು ಯೂನಿವರ್ಸಿಟಿಯ ಹುಡುಗಿ ರೆಕಾರ್ಡರನ್ನು ಹೊಲಿಗೆ ಮಿಷನ್ನಿನ ಮೇಲಿಟ್ಟಳು. ಕೊಲೆ, ದರೋಡೆಗಳಲ್ಲಿ ನೊಂದವರಿಗೆ ಕೋರ್ಟಿನಲ್ಲಿ ನ್ಯಾಯ ಸಿಕ್ಕಿತೆನಿಸಿತೇ ಎಂಬುದು ಅವಳ ಸಂಶೋಧನೆ.

ಹೀಗೆ ಕೇಳುವವರು ಟೈಲರಕ್ಕನಿಗೆ ಇದುವರೆಗೆ ಸಿಕ್ಕಿರಲೇ ಇಲ್ಲ. ಅವಳ ತಮ್ಮನನ್ನು ಮೆಟ್ಟಿಲ ಮೇಲೆ ಚೂರಿ ಹಾಕಿ ಕೊಂದವನು ಪಕ್ಕದ ಮನೆಯವನು. ಅವಳೇ ಮುಖ್ಯ ಸಾಕ್ಷಿ. ಆದರೆ ಕೋರ್ಟಿನಲ್ಲಿ ಬಾಯಿ ತೆರೆದರೆ ಸಾಕು, "ಕೇಳಿದಷ್ಟಕ್ಕೆ ಹೇಳಮ್ಮಾ" ಎಂದು ಎರಡೂ ಕಡೆಯ ವಕೀಲರು ಗದರುತ್ತಿದ್ದರು. ಅದೊಂದರಲ್ಲಿ ಮಾತ್ರ ಅವರಿಬ್ಬರಿಗೂ ಭಾರೀ ಒಗ್ಗಟ್ಟು. ಆ ದಿನ ಅವಳ ತಮ್ಮ ಶಿಳ್ಳೆ ಹಾಕುತ್ತಾ ಮೆಟ್ಟಿಲಿಳಿದದ್ದನ್ನು ಹೇಳಹೋದರೆ, ಅದೆಲ್ಲ ಇಲ್ಲಿ ಬೇಡವೆಂದರು. ಕೊಂದವನಿಗೆ ಜೀವಾವಧಿಯಾಯಿತು, ಅವನು ಮೇಲಿನ ಕೋರ್ಟಿಗೆ ಹೋದ, ಅದಿನ್ನೂ ತೀರ್ಮಾನವಾಗಿರಲಿಲ್ಲ. ಅವಳ ಮಾತು ಗಂಟಲಲ್ಲೇ ಉಳಿಯಿತು.

ಈಗ ಕಟ್ಟೆಯೊಡೆಯಿತು. ಶಿಳ್ಳೆಯಿಂದ ಶುರುಮಾಡಿದವಳು ಅತ್ತಳು, ನಡುವೆ ನಕ್ಕಳು. ಹುಡುಗಿ ಹೂಂಗುಟ್ಟುತ್ತಿದ್ದಳು. ಕೇಳುವ ಕಿವಿಯೊಂದು ಸಿಕ್ಕ ಮೇಲೆ ನಾಲಿಗೆಗೆ ಲಗಾಮೆಲ್ಲಿ?

"ಕರೆಂಟಿರಲಿಲ್ಲ ಕಣಮ್ಮಾ. ಕೊಂದೋನ ಮುಖಾನೇ ಕಾಣಲಿಲ್ಲ. ಕೆಮ್ಮಿದ ನೋಡು, ದಿನಾ ಗೋಡೆಯಾಚೆ ಕೇಳೋ ಕೆಮ್ಮು, ಅದರಲ್ಲೇ ಗೊತ್ತಾಯ್ತು. ಪೊಲೀಸ್ನೋರು, ಕೆಮ್ಮು ಅಂದ್ರೆ ಕೇಸು ನಿಲ್ಲಲ್ಲ, ಕೋರ್ಟಲ್ಲಿ ಮುಖ ನೋಡಿದೆ ಅನ್ನು ಅಂದ್ರು. ಅಂದೆ."

ಹುಡುಗಿ ತಟ್ಟನೆ ರೆಕಾರ್ಡರ್ ಆರಿಸಿದಳು.

"ಅಕ್ಕಾ, ಕೋರ್ಟು ಕೇಳಿದ್ರೆ ಇದನ್ನ ನಾವು ಕೊಡ್ಲೇಬೇಕು. ಒಪ್ಪಿಗೆ ಪತ್ರ ಮೊದಲೇ ಓದಿ ಹೇಳಿದ್ನಲ್ಲಾ!"

ಓದಿದ್ದಳು, ನಿಜ. ಒಬ್ಬರಾದರೂ ಕೇಳಲು ಬಂದರಲ್ಲ ಎಂಬ ಸಂಭ್ರಮದಲ್ಲಿ ಟೈಲರಕ್ಕ ಎಲ್ಲದಕ್ಕೂ ತಲೆಯಾಡಿಸಿದ್ದಳು. ಈಗ ಕೇಸೇ ಬಿದ್ದುಹೋದರೆ? ಅವನು ಬಿಡುಗಡೆಯಾಗಿ ಬಂದು ಮತ್ತೆ ಅದೇ ಗೋಡೆಯಾಚೆ ಕೆಮ್ಮಿದರೆ? ಹುಡುಗಿಯ ಎರಡೂ ಕೈ ಹಿಡಿದುಕೊಂಡಳು.

"ಅಳಿಸಿಬಿಡಮ್ಮಾ, ನಿನ್ನ ಕಾಲಿಗೆ ಬೀಳ್ತೀನಿ. ಆ ಕೆಮ್ಮಿನ ಮಾತೊಂದು ತೆಗೆದುಬಿಡು."

"ಮಾತು ಕತ್ತರಿಸೋ ಹಾಗಿಲ್ಲ ಅಕ್ಕಾ. ನೀವು ಬೇಡ ಅಂದ್ರೆ ಪೂರ್ತಿ ಅಳಿಸಬಹುದು, ಅಷ್ಟೇ."

"ಪೂರ್ತಿ ಅಂದ್ರೆ? ನನ್ನ ತಮ್ಮನ ಶಿಳ್ಳೆ ಮಾತೂನಾ?"

"ಅದೂ."

ಟೈಲರಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. "ಹೋಗ್ಲಿ," ಎಂದಳು.

ಹುಡುಗಿ ಅಳಿಸಿ ತೋರಿಸಿದಳು. ಕಣ್ಣು ತುಂಬಿಕೊಂಡು, ಎದ್ದು ಹೋಗಲೇ ಎಂದು ಕೇಳಿದಳು.

"ಅಷ್ಟು ದೂರದಿಂದ ಬಂದಿದ್ದೀಯ, ಬರಿಗೈಲಿ ಯಾಕೆ ಹೋಗ್ತೀಯಾ? ಕೇಳು, ಹೇಳ್ತೀನಿ."

ರೆಕಾರ್ಡರಿನ ಕೆಂಪು ದೀಪ ಮತ್ತೆ ಹೊತ್ತಿತು. ಹುಡುಗಿ ಗಂಟಲು ಸರಿಮಾಡಿಕೊಂಡು ಮೊದಲ ಪ್ರಶ್ನೆ ಓದಿದಳು: "ಕೋರ್ಟಿನಲ್ಲಿ ನೀವು ಹೇಳಬೇಕೆಂದಿದ್ದನ್ನೆಲ್ಲ ಹೇಳಲು ಬಿಟ್ಟರೇ?"

ಟೈಲರಕ್ಕ ದೀಪವನ್ನೇ ನೋಡುತ್ತಾ ಕೂತಳು.

"ಬಿಟ್ರು," ಎಂದಳು. "ಎಲ್ಲಾ ಹೇಳ್ದೆ."