ಮಾಸ್ತರು ಕೊಟ್ಟ ಒಂದು ರನ್ನು

ಹದಿನೆಂಟು ವರ್ಷದ ಮೇಲೆ ಗಡಿಯಾಚೆಯ ಶತ್ರುದೇಶದ ಕ್ರಿಕೆಟ್ ತಂಡ ಇಲ್ಲಿಗೆ ಆಡೋಕೆ ಬಂದಿತ್ತು. ಯುದ್ಧ ನಿಂತಿದ್ದು ಬರೀ ಕಾಗದದ ಮೇಲೆ ಬಿಡಿ. ಅವರು ಬೌಂಡರಿ ಹೊಡೆದರೆ ಸ್ಟೇಡಿಯಂ ಪೂರ್ತಿ ಗಪ್‌ಚುಪ್, ಔಟಾದರೆ ಅವರ ತಾತ ಮುತ್ತಾತನವರೆಗೂ ಬೈಗುಳ.

ಸ್ಕೋರ್ ಬರೆಯುವ ಕೋಣೆಯಲ್ಲಿ ಒಂದೇ ಮೇಜು, ಎರಡು ಕುರ್ಚಿ. ಎಡಗಡೆ ನಮ್ಮ ಲೆಕ್ಕದ ಮಾಸ್ತರು. ಇಪ್ಪತ್ತೆರಡು ವರ್ಷದಿಂದ ಅದೇ ಕುರ್ಚಿ. ಬಲಗಡೆ ಅವರ ಕಡೆಯ ಸ್ಕೋರರ್, ಪುಣ್ಯಾತ್ಮ ಎಡಚ! ಮಾಸ್ತರ ಬಲ ಮೊಣಕೈಗೂ ಅವನ ಎಡ ಮೊಣಕೈಗೂ ಓವರಿಗೆ ಆರು ಸಲ ಡಿಕ್ಕಿ.

"ಜಾಗ ಬದಲಾಯಿಸಿಕೊಳ್ಳೋಣ, ಇಬ್ಬರಿಗೂ ಆರಾಮ," ಅಂದ ಎಡಚ.

"ಬಂದ ದಿನವೇ ನಮ್ಮ ಜಾಗಕ್ಕೆ ಕಣ್ಣು ಹಾಕಿದ್ರಾ? ನಿಮ್ಮವರ ಚಾಳಿಯೇ ಅದು," ಅಂದರು ಮಾಸ್ತರು.

ಅಲ್ಲಿಗೆ ಮುಗೀತು ಮಾತುಕತೆ.

ಮೂರನೇ ದಿನ ಮಾಸ್ತರ ಅಳಿಯ ತೊಂಬತ್ತೊಂಬತ್ತಕ್ಕೆ ಬಂದು ನಿಂತ. ಹಿಂದಿನ ಎಂಟು ಆಟದಲ್ಲಿ ಅವನು ಮೂವತ್ತು ದಾಟಿರಲಿಲ್ಲ. ನೂರು ಹೊಡೆದರೆ ತಂಡದಲ್ಲಿ ಉಳಿಯುತ್ತಾನೆ, ಇಲ್ಲದಿದ್ದರೆ ಗಂಟುಮೂಟೆ ಕಟ್ಟೋದೇ. ಓವರಿನ ಕೊನೆಯ ಚೆಂಡು. ಅಳಿಯ ಬ್ಯಾಟ್ ಬೀಸಿದ, ಓಡಿದ. ಸರಿಯಾಗಿ ಆಗಲೇ ಎಡಚನ ಮೊಣಕೈ ತಗುಲಿ ಮಾಸ್ತರ ಪೆನ್ಸಿಲ್ ಪುಸ್ತಕದ ಮೇಲೆ ಗೀಚಿತು.

"ಕೈ ಅಂಕೆಯಲ್ಲಿ ಇಟ್ಕೊಳ್ರೀ!" ಅಂತ ಮಾಸ್ತರು ಅವನ ಕಡೆ ತಿರುಗಿ ಕಣ್ಣು ಕೆಂಪಗೆ ಮಾಡಿದರು. ಅವನು ಮೈದಾನ ನೋಡುತ್ತಾ ಕೈ ಎತ್ತಿದ್ದ, ಅಂಪೈರ್ ಸನ್ನೆ ಕಂಡೆ ಅಂತ ತಿಳಿಸೋಕೆ. ಯಾವ ಸನ್ನೆ? ಕೇಳೋದಾ, ಅದೂ ಇವನನ್ನ? ಥೂ! ಮಾಸ್ತರು ಅಳಿಯನ ಹೆಸರಿಗೆ ಒಂದು ರನ್ ಬರೆದು ಬೋರ್ಡಿನವನಿಗೆ "ನೂರು!" ಅಂತ ಕೂಗಿಬಿಟ್ಟರು.

ಬೋರ್ಡ್ ತಿರುಗಿತು. ಜನ ಹುಚ್ಚೆದ್ದು ಕುಣಿದರು. ಅಳಿಯ ಬೋರ್ಡ್ ನೋಡಿ ಬ್ಯಾಟ್ ಎತ್ತಿದ. ಮುಂದಿನ ಚೆಂಡನ್ನೇ ಆಕಾಶಕ್ಕೆ ಎತ್ತಿ ಕ್ಯಾಚ್ ಕೊಟ್ಟು ನಗುನಗುತ್ತಾ ಒಳಗೆ ಹೋದ.

ಅಲ್ಲಿಗೇ ಆ ದಿನದ ಆಟ ನಿಂತಿತು. ಪದ್ಧತಿಯಂತೆ ಎರಡೂ ಪುಸ್ತಕ ತಾಳೆ ನೋಡಿದರು. ತಂಡದ ಮೊತ್ತ ಸರಿ ಇತ್ತು. ಅಳಿಯನ ಮುಂದೆ ಮಾತ್ರ ಎಡಚನ ಪುಸ್ತಕದಲ್ಲಿ ತೊಂಬತ್ತೊಂಬತ್ತು.

"ಲೆಗ್ ಬೈ," ಅಂದ ಎಡಚ. "ಚೆಂಡು ಬಡಿದಿದ್ದು ಕಾಲಿಗೆ. ರನ್ ತಂಡದ್ದು, ಅವನದ್ದಲ್ಲ. ಅಂಪೈರ್ ಮೊಣಕಾಲು ಮುಟ್ಟಿ ತೋರಿಸಿದ್ರು. ನೀವು ಜಗಳ ಆಡ್ತಿದ್ರಿ."

ಅಂಪೈರನ್ನು ಕರೆಸಿದರು. ಹೊರಗೆ ಜನ ಇನ್ನೂ ಅಳಿಯನಿಗೆ ಜೈಕಾರ ಹಾಕುತ್ತಿದ್ದರು. ಅಂಪೈರ್ ಕಿಟಕಿಯ ಕಡೆ ನೋಡಿ, "ನನಗೆ ನೆನಪಿಲ್ಲ, ನೀವೇ ತೀರ್ಮಾನ ಮಾಡ್ಕೊಳ್ಳಿ," ಅಂತ ಜಾರಿಕೊಂಡ.

ಮಾಸ್ತರು ಕೂತರು. ತಾನು ಕಾಣದ ಚೆಂಡಿಗೆ ಪಕ್ಕದವನ ಪುಸ್ತಕ ನೋಡಿ ಬರೆಯೋದು ಅವರು ಇಪ್ಪತ್ತೆರಡು ವರ್ಷದಿಂದ ಪಾಲಿಸಿದ ನಿಯಮ. ಈ ದರಿದ್ರದವನ ಪುಸ್ತಕ ನಂಬಬೇಕಲ್ಲಾ! ಆದರೂ ರಬ್ಬರ್ ತಗೊಂಡು ಆ ಒಂದನ್ನು ಅಳಿಸಿದರು. ಎಡಚ ಸಹಿ ಹಾಕಿ ಎದ್ದು ಹೋದ.

ಬೋರ್ಡ್ ಮತ್ತೆ ತಿರುಗಿತು. ಜೈಕಾರ ನಿಂತು ಕಲ್ಲು ಬೀಳೋಕೆ ಶುರುವಾಯಿತು. ಹತ್ತು ನಿಮಿಷಕ್ಕೆ ಅಳಿಯ ಪ್ಯಾಡ್ ಕೂಡ ಬಿಚ್ಚದೆ ಮೆಟ್ಟಿಲು ಹತ್ತಿ ಬಂದ.

"ನನ್ನ ಮನಸ್ಸಾಕ್ಷಿಗೆ..." ಅಂತ ಮಾಸ್ತರು ಬಾಯಿ ತೆಗೆದರು.

"ಅಳಿಸಿದ್ದಕ್ಕೆ ನಾನು ಬಂದಿಲ್ಲ ಮಾವ. ಸ್ವಲ್ಪ ಬ್ಯಾಟಿಗೂ ತಗುಲಿರಬೇಕು ಅಂದ್ಕೊಂಡು ನಿಮ್ಮ ಬೋರ್ಡ್ ನಂಬಿದೆ. ಅಲ್ಲಿ ತೊಂಬತ್ತೊಂಬತ್ತು ಅಂತ ಇದ್ದಿದ್ರೆ, ಮುಂದಿನ ಚೆಂಡನ್ನ ನಾನು ಹಾಗೆ ಎತ್ತಿ ಹೊಡೀತಿದ್ನಾ?"

ಮಾಸ್ತರು ಮೇಜಿನ ಮೇಲಿದ್ದ ರಬ್ಬರ್ ಎತ್ತಿ ಜೇಬಿಗೆ ಹಾಕಿಕೊಂಡರು.

"ಮಗಳನ್ನ ನೋಡಬೇಕು ಅನ್ನಿಸಿದ್ರೆ ಹೇಳಿ ಕಳಿಸಿ. ಅವಳೇ ನಿಮ್ಮನೆಗೆ ಬರ್ತಾಳೆ. ನೀವು ನಮ್ಮನೆ ಹೊಸ್ತಿಲು ತುಳೀಬೇಡಿ," ಅಂದು ಅಳಿಯ ಇಳಿದು ಹೋದ.